ಒಲೆ ಉಣ್ಣದ ಡಬ್ಬಿ

ನಮ್ಮ ಅತ್ತೆ ಓಣಿಯ ಕೂಸುಗಳಿಗೆಲ್ಲ ನೀರು ಎರೆದವರು. ಮಸಗುಪ್ಪಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಬೆಳಗಾದರೆ ಆ ಮನೆಯ ಹೆಂಗಸರು ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ನಮ್ಮ ಬಚ್ಚಲಿಗೆ ಬರುತ್ತಿದ್ದರು. ಅತ್ತೆ ಸೀರೆಯನ್ನು ಮೊಣಕಾಲ ಮೇಲೆ ಸರಿಸಿ, ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹೊಯ್ದರೆಂದರೆ, ಅದು ಊರಿಗೆಲ್ಲ ಕೇಳುವಂತೆ ಅರಚಿ, ಲೋಬಾನದ ಹೊಗೆ ಹಿಡಿಯುವ ಹೊತ್ತಿಗೆ ನಿದ್ದೆ ಹೋಗಿರುತ್ತಿತ್ತು. ನನ್ನ ಹೆರಿಗೆಗಳು ತವರಾದ ಕೌಜಲಗಿಯಲ್ಲಿ ಆದವು. ಆದರೆ ಕೂಸಿನೊಂದಿಗೆ ಈ ಮನೆಗೆ ಮರಳಿದ ದಿನದಿಂದ ಎರೆದವರು ಅತ್ತೆಯೇ. ನನ್ನ ಅವ್ವನ ಕೈಯನ್ನೂ ನೋಡಿದ್ದೇನೆ, ಅತ್ತೆಯ ಕೈಯನ್ನೂ ನೋಡಿದ್ದೇನೆ. ತವರಿನವರು ಮುಖ ಊದಿಸಿಕೊಂಡರೂ ಸರಿ, ಅತ್ತೆಯ ಕೈಯೇ ಮೇಲು.

ಆ ಬಚ್ಚಲ ಒಲೆಯ ಒಡೆತನವೂ ಅವರದೇ. ನಮ್ಮದು ಕುರಿ ಸಾಕುವ ಮನೆ, ಜೊತೆಗೆ ಒಂದಿಷ್ಟು ಕಬ್ಬು, ಗೊಂಜಾಳ ಅಂದರೆ ಮೆಕ್ಕೆಜೋಳ. ಹಾಗಾಗಿ ಉರುವಲಿಗೆ ಬರವಿಲ್ಲ. ಕಾಳು ಬಿಡಿಸಿದ ಗೊಂಜಾಳದ ಬೆಂಡು, ಕಬ್ಬಿನ ಒಣಗರಿಯ ರವದಿ, ಸಗಣಿಯ ಕುಳ್ಳು, ಇವುಗಳ ಜೊತೆಗೆ ಮನೆಯಲ್ಲಿ ಯಾರಿಗೂ ಬೇಡವಾದದ್ದೆಲ್ಲ ಆ ಒಲೆಯ ಬಾಯಿಗೇ. ಹರಕು ಚೀಲ, ಹಳೆಯ ಲಗ್ನಪತ್ರಿಕೆ, ಮೂಡಲಗಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಕಾಗದ, ಕಿತ್ತುಹೋದ ಚಪ್ಪಲಿ ಕೂಡ. ಚಪ್ಪಲಿ ಹಾಕಿದ ದಿನ ನಾನು ಮೂಗು ಮುಚ್ಚಿಕೊಂಡು ಜಗಳ ತೆಗೆದರೆ ಅತ್ತೆ ನಗುತ್ತಿದ್ದರು. "ಒಲಿ ಹೊಟ್ಟಿ ದೊಡ್ಡದ ಐತಿ ತಂಗಿ. ಏನ ಕೊಟ್ರೂ ಉಣತೈತಿ."

ಒಂದು ಚಳಿಗಾಲದ ಬೆಳಗ್ಗೆ ಅದು ಉಣ್ಣದೆ ಉಗುಳಿತು.

ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಢಮ್ ಎಂದ ಸದ್ದಿಗೆ ಕಪಾಟಿನ ತಾಟುಗಳು ನಡುಗಿದವು. ಗ್ಯಾಸ್ ಸಿಲಿಂಡರೇ ಹೋಯಿತೆಂದು ನಾನು ಮೊದಲು ಅಡುಗೆಯ ಗ್ಯಾಸ್ ಒಲೆಯನ್ನೇ ಆರಿಸಿದೆ. ಆಮೇಲೆ ಬಚ್ಚಲ ಕಡೆ ಓಡಿದೆ. ಹಂಡೆ ವಾಲಿ ನಿಂತಿತ್ತು. ಬೂದಿ ಬಚ್ಚಲ ತುಂಬ ಮೋಡದಂತೆ ಎದ್ದಿತ್ತು, ಕೆಂಡಗಳು ಅಂಗಳದವರೆಗೆ ಚೆಲ್ಲಿದ್ದವು. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಸೀರೆಯ ಅಂಚಿನಲ್ಲಿ ತೂತು, ಒಂದು ಹುಬ್ಬು ಸುಟ್ಟು ಸೀದ ವಾಸನೆ. ಅಷ್ಟೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ, ಅವತ್ತು ಅದನ್ನು ಕಣ್ಣಾರೆ ಕಂಡೆ. ಓಣಿಗೆ ಓಣಿಯೇ ಓಡಿಬಂದು ಅಂಗಳದಲ್ಲಿ ನಿಂತಿತ್ತು.

ನಾನು ಬೂದಿಯಲ್ಲಿ ಹುಡುಕಿದೆ. ದನಕ್ಕೆ ಮೇವು ಹಾಕುವ ಗ್ವಾದಲಿಯ ಬುಡದಲ್ಲಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡ ತಗಡು ಸಿಕ್ಕಿತು. ಕುರಿಯ ಗಾಯಕ್ಕೆ ಹೊಡೆಯುವ ಸ್ಪ್ರೇ ಡಬ್ಬಿ. ಜಾಲಿಮುಳ್ಳು ಗೀರಿದ ಜಾಗದಲ್ಲಿ ನೊಣ ಕೂತು ಹುಳ ಬೀಳದಿರಲೆಂದು ಈಗ ಪ್ರತಿ ಕುರಿಗಾರನೂ ಕಂಬಳಿಯಲ್ಲಿ ಒಂದು ಡಬ್ಬಿ ಕಟ್ಟಿಕೊಂಡೇ ಹೊರಡುತ್ತಾನೆ. ಗುಂಡಿ ಒತ್ತಿದರೆ ಬುಸ್ ಎಂದು ಮದ್ದು ಬರುತ್ತದೆ. ಯಾರೋ ಮುಗಿದ ಡಬ್ಬಿಯನ್ನು ಉರುವಲಿಗೆ ಎಸೆದಿರಬೇಕು ಎಂದುಕೊಂಡೆವು. ಮದ್ದು ಮುಗಿದರೂ ಅದರ ಹೊಟ್ಟೆಯಲ್ಲಿ ಗ್ಯಾಸು ಉಳಿದಿರುತ್ತದೆ ಎನ್ನುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಅವತ್ತು ಅತ್ತೆ ಎಲ್ಲರನ್ನೂ ನಗಿಸಿದರು. "ಹುಬ್ಬ ತೀಡಿಸಾಕ ಪಾರ್ಲರಿಗೆ ಹೋಗೂದ ಉಳೀತು," ಎಂದರು. ಮರುದಿನ ಬೆಳಗ್ಗೆ ಕಡ್ಡಿಪೆಟ್ಟಿಗೆ ಹಿಡಿದು ಬಚ್ಚಲಿಗೆ ಹೋದವರು ಹಾಗೆಯೇ ಹೊರಗೆ ಬಂದರು. ಮೈಯಲ್ಲಿ ಆರಾಮಿಲ್ಲ ಎಂದರು. ಅದರ ಮರುದಿನವೂ ಅದೇ ಮಾತು. ನಾನು ಒಲೆ ಹಚ್ಚಿದೆ. ಅವರು ಬಚ್ಚಲ ಬಾಗಿಲು ದಾಟಲಿಲ್ಲ, ಅಂಗಳದ ಕಟ್ಟೆಯ ಮೇಲೆ ತಣ್ಣೀರಿನಲ್ಲೇ ಮೈ ತೊಳೆದುಕೊಂಡರು. ಪಕ್ಕದ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ಬಂದಾಗ, "ನನಗ ಕೈ ನೋವು, ನೀವ ಎರಕೋರಿ," ಎಂದು ಒಳಗೆ ಹೋಗಿಬಿಟ್ಟರು. ಬಾಗಿಲಲ್ಲಿ ನಿಂತ ಆಕೆ ನನ್ನ ಮುಖ ನೋಡಿದಳು.

ಒಂದು ಸಂಜೆ ಬೆನ್ನಿಗೆ ಎಣ್ಣೆ ಹಚ್ಚುವ ನೆಪ ಮಾಡಿ ಕೇಳಿಯೇಬಿಟ್ಟೆ. ಅವರು ತಮ್ಮ ಎರಡೂ ಅಂಗೈ ಮುಂದೆ ಹಿಡಿದರು.

"ಬೆಂಡಿನ ಕೂಡ ಆ ಡಬ್ಬಿ ನೂಕಿದಾಕಿ ನಾನ ಅಲ್ಲೇನು? ಕೈಗೆ ಹತ್ತಿದ್ದ ಏನಂತ ಗೊತ್ತಾಗಲಿಲ್ಲ ನನಗ. ಇಂಥಾ ಕೈಲೆ ಕೂಸಿಗೆ ಎರೀಲಿ ಹೆಂಗ? ಆಗ ಬಾಜೂಕ ಕೂಸ ಇತ್ತಂದ್ರ?"

ಓಣಿಯ ಅರ್ಧ ಮಕ್ಕಳ ಬೆನ್ನು ನೇರ ಮಾಡಿದ ಕೈಗಳು ಅವು. ಅವುಗಳ ಮೇಲೇ ಅವರಿಗೆ ನಂಬಿಕೆ ಹೋಗಿತ್ತು.

ಇಷ್ಟರ ನಡುವೆ ನಾದಿನಿಯ ಫೋನ್ ಬಂತು. ಅವಳನ್ನು ಹುಕ್ಕೇರಿ ತಾಲೂಕಿಗೆ, ನಿಡಸೋಸಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಹಸಿರು ಸೀರೆ ಉಡಿಸಿ, ಕುಬಸ ಅಂದರೆ ಸೀಮಂತ ಮಾಡಿ ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಅವಳು ಅಳುತ್ತ ಹೇಳಿದಳು, "ವೈನಿ, ಒಲಿ ಸಿಡಿದದ್ದ ಇಲ್ಲಿತನಕ ಸುದ್ದಿ ಆಗೇತಿ. ನಿಮ್ಮವ್ವ ಈಗ ಒಲಿ ಹಚ್ಚಾಕ ಅಂಜತಾಳಂತ, ಅಲ್ಲಿ ನಿನ್ನ ಬಾಣಂತನ ಯಾರ ಮಾಡವ್ರು, ಇಲ್ಲೇ ಇರು ಅನ್ನಾಕತ್ತಾರ ನಮ್ಮತ್ತಿ. ನನಗ ಅವ್ವನ ಕಡೀನ ಬರಬೇಕು."

ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ಫೋನ್ ಸ್ಪೀಕರಿನಲ್ಲಿತ್ತು. ಅವರು ಎದ್ದು ಕುರಿಗಳ ಕಡೆ ಹೋದರು. ಮಗಳು ಮೊದಲ ಹೆರಿಗೆಗೆ ತವರಿಗೆ ಬರದಿದ್ದರೆ ತಾಯಿಗೆ ಅದಕ್ಕಿಂತ ದೊಡ್ಡ ಸೋಲಿಲ್ಲ. ಅವರು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ, ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಯಾರ ಮೇಲೆ ಇಳಿಸಬೇಕೆನ್ನುವುದು ಮಾತ್ರ ಅವತ್ತು ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಕುರಿದಡ್ಡಿಯಲ್ಲಿ. ಮುಂಜಾನೆ ಮಾವನಿಗೆ ಚಹಾ ಕೊಡಲು ಹೋಗಿದ್ದೆ. ಅವರು ಕುರಿಗಳನ್ನು ಕೂಡಿಹಾಕುವ ಬೇಲಿಯ ಬಾಜೂ ಸಣ್ಣ ಬೆಂಕಿ ಹಾಕಿಕೊಂಡು ಕುಳಿತಿದ್ದರು. ಬೆಂಕಿಯ ಅಂಚಿನ ಬಿಸಿ ಬೂದಿಯಲ್ಲಿ ಒಂದು ಸ್ಪ್ರೇ ಡಬ್ಬಿ ಅರ್ಧ ಹುಗಿದು ನಿಂತಿತ್ತು.

"ಮಾವಾ! ಏನ್ರಿ ಅದು?"

"ಥಂಡ್ಯಾಗ ಮದ್ದ ಜೋರ ಬರಂಗಿಲ್ಲವಾ. ತುಸು ಬಿಸಿ ಮಾಡಿದ್ರ ಬುಸ್ ಅಂತ ಬರತೈತಿ. ಎಲ್ಲಾ ಕುರಿಗಾರ್ರೂ ಮಾಡತಾರ."

ಅವರ ಮುಖದಲ್ಲಿ ಈ ಉಪಾಯದ ಬಗ್ಗೆ ಹೆಮ್ಮೆಯೇ ಇತ್ತು! ನಾನು ಚಹಾದ ಲೋಟ ಅಲ್ಲೇ ಇಟ್ಟು, ಅವರ ತೋಳು ಹಿಡಿದು ದೂರ ಎಳೆದು ನಿಲ್ಲಿಸಿದೆ. ಸೊಸೆ ಮಾವನ ತೋಳು ಹಿಡಿದು ಎಳೆಯುವುದು ನಮ್ಮ ಮನೆಯಲ್ಲಿ ಅದೇ ಮೊದಲು. ಬೆಂಕಿ ಪೂರಾ ಆರಿ ಬೂದಿ ತಣ್ಣಗಾಗುವ ತನಕ ಇಬ್ಬರೂ ಬೇಲಿಯ ಆಚೆ ನಿಂತೆವು. ಅಷ್ಟು ಹೊತ್ತೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಬಚ್ಚಲ ಒಲಿ ಕಟ್ಟಿ ಮ್ಯಾಲ ಅವತ್ತ ಸಿಡದ ಡಬ್ಬಿ ಇಟ್ಟಾವ್ರೂ ನೀವ ಹೌದಲ್ರಿ?"

ಮಾವ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಆಮೇಲೆ, "ಬಿಸಿ ಆಗಲಂತ ಇಟ್ಟಿದ್ನಿ. ಮರತ ಹೋತು," ಎಂದರು. ಅತ್ತೆಯ ಮುಂದೆ ಹೇಳುವ ಧೈರ್ಯ ಅವರಿಗೆ ಆಗಿರಲಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿರುವ ಆ ಮನುಷ್ಯ ಹೆಂಡತಿಗೆ ಹೆದರುವುದು ನನಗೆ ಹೊಸ ಸುದ್ದಿಯಲ್ಲ. ಆದರೆ ಅವತ್ತು ನಾನು ಬಿಡಲಿಲ್ಲ. ಮನೆಗೆ ಕರೆತಂದು ಅತ್ತೆಯ ಎದುರಿಗೇ ಹೇಳಿಸಿದೆ.

ಹೇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅತ್ತೆ ಪೂರಾ ಕೇಳಿ, "ನೀವು ಇಟ್ರಿ. ನೋಡಲಾರದ ನೂಕಿದಾಕಿ ನಾನು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಉರುವಲಾ ಓಣಿ ತುಂಬಾ ಓಡಾಡತೈತಿ. ಅವರ ಬೆಂಡ ನಮಗ, ನಮ್ಮ ಕುಳ್ಳ ಅವರಿಗೆ. ಯಾರ ಬುಟ್ಟ್ಯಾಗ ಏನ ಬರತೈತಿ ಯಾರ ಬಲ್ಲರು? ಮುಗಿದ ಡಬ್ಬಿ ಒಂದೂ ಈ ಓಣ್ಯಾಗ ಉಳೀಬಾರದು. ಇನ್ನಾ ಬಳಸೂ ಡಬ್ಬಿ ಎಲ್ಲಿ ಇಟ್ಟಾರ ಅಂತ ನನಗ ಗೊತ್ತಿರಬೇಕು. ಅಲ್ಲಿತನಕಾ ನಾ ಕಡ್ಡಿ ಗೀರಂಗಿಲ್ಲ."

ಅಷ್ಟು ದಿನ ಬರೀ ಇಲ್ಲ ಇಲ್ಲ ಎನ್ನುತ್ತಿದ್ದವರು ಮೊದಲ ಸಲ ಒಂದು ದಾರಿ ತೋರಿಸಿದ್ದರು. ನನಗೆ ಅಷ್ಟೇ ಸಾಕಾಗಿತ್ತು. ಕುಬಸಕ್ಕೆ ಇನ್ನೂ ಸಮಯವಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಹೊಸ ಡಬ್ಬಿಯೊಂದನ್ನು ಅಂಗಡಿಗೆ ಒಯ್ದು ಅದರ ಮೈಮೇಲಿನ ಇರುವೆಯಂಥ ಅಕ್ಷರಗಳನ್ನು ಫೋನಿನಲ್ಲಿ ಹಿಗ್ಗಿಸಿ ಓದಿದೆ. ಬಿಸಿಲಿಗೆ ಇಡಬೇಡಿ, ಬೆಂಕಿಯ ಹತ್ತಿರ ತರಬೇಡಿ, ಖಾಲಿಯಾದ ಮೇಲೂ ಚುಚ್ಚಬೇಡಿ, ಸುಡಬೇಡಿ. ಇಷ್ಟೆಲ್ಲ ಬರೆದಿದ್ದರು ಪುಣ್ಯಾತ್ಮರು, ಆದರೆ ಓದಲು ಹದ್ದಿನ ಕಣ್ಣು ಬೇಕು, ಅದೂ ಇಂಗ್ಲಿಷ್ ಕಲಿತ ಹದ್ದು! ಅದನ್ನೇ ಕನ್ನಡದಲ್ಲಿ ಬರೆದು, ಜೆರಾಕ್ಸ್ ಮಷಿನ್ನಿನಲ್ಲಿ ಹಿಡಿಯಷ್ಟು ದೊಡ್ಡ ಅಕ್ಷರ ಮಾಡಿ, ಹಿಟ್ಟಿನ ಗಿರಣಿಯ ಗೋಡೆಗೂ ಹಾಲಿನ ಡೇರಿಯ ಬಾಗಿಲಿಗೂ ಅಂಟಿಸಿದೆ. ನಮ್ಮವರು, ಅಂದರೆ ನನ್ನ ಗಂಡ, "ಮೊಳಿ ಹೊಡದು ಗ್ಯಾಸ ಬಿಟ್ರ ಮುಗೀತಲ್ಲ," ಎಂದು ಸುತ್ತಿಗೆ ಹಿಡಿದು ಬಂದರು. ಅವರ ಮೂಗಿನ ಎದುರಿಗೂ ಒಂದು ಕಾಗದ ಹಿಡಿದೆ. ಸುತ್ತಿಗೆ ಒಳಗೆ ಹೋಯಿತು.

ಆಮೇಲೆ ಮನೆ ಮನೆಗೆ ಹೋದೆ. ಮೊದಲೆರಡು ಮನೆಗಳಲ್ಲಿ ನಕ್ಕರು. "ಕಸಾ ಕೇಳಾಕ ಬಂದೀಯೇನವಾ?" ಎಂದರು. ನಾನು ಕಾಗದ ತೋರಿಸಲಿಲ್ಲ, ಕಾನೂನು ಹೇಳಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಿಮ್ಮ ಕೂಸಿಗೆ ಎರೆದ ಕೈ ಈಗ ಒಲೆ ಹಚ್ಚಲು ನಡುಗುತ್ತಿದೆ, ನಿಮ್ಮ ಮನೆಯ ಡಬ್ಬಿಗಳು ಹೊರಗೆ ಬಂದರೆ ಆ ನಡುಕ ನಿಲ್ಲುತ್ತದೆ ಎಂದೆ. ನಗು ನಿಂತಿತು. ಮರುದಿನ ಬೆಳಗ್ಗೆ ನಾನು ಬಾಗಿಲು ತೆರೆಯುವಷ್ಟರಲ್ಲಿ ಅಂಗಳದಲ್ಲಿ ಹೆಂಗಸರು ನಿಂತಿದ್ದರು. ಉಡಿಯಲ್ಲಿ, ಬುಟ್ಟಿಯಲ್ಲಿ, ಬಕೆಟ್ಟಿನಲ್ಲಿ ಡಬ್ಬಿಗಳು. ಸೊಳ್ಳೆಯ ಡಬ್ಬಿ, ಜಿರಳೆಯ ಡಬ್ಬಿ, ಗಡ್ಡದ ನೊರೆಯ ಡಬ್ಬಿ, ಟಗರಿನ ಕೊಂಬಿಗೆ ಬಳಿದು ಉಳಿದ ಬಣ್ಣದ ಡಬ್ಬಿ, ಕುರಿ ಮದ್ದಿನವಂತೂ ಹೇಳಬೇಡಿ. ಮಾಡಿನ ಸಂದಿಯಿಂದ, ತಿಪ್ಪೆಯ ಅಂಚಿನಿಂದ, ಕುಳ್ಳಿನ ಬಣವೆಯ ಒಳಗಿನಿಂದ ಹೊರಬಂದವು. ಒಬ್ಬ ಮುದುಕಿ, "ನನ್ನ ಮೂರೂ ಮೊಮ್ಮಕ್ಕಳು ಆಕಿ ಕಾಲ ಮ್ಯಾಲ ಬೆಳದಾರ. ನನ್ನ ಡಬ್ಬಿ ಮೊದಲ ತುಗೋ," ಎಂದು ಜಗಳಕ್ಕೇ ಬಿದ್ದಳು.

ಅತ್ತೆ ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದರು. ನಾನು ಡಬ್ಬಿಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಲು ಹೊರಟಾಗ ಅವರು ತಡೆಯಲಾರದೆ ಹೊರಗೆ ಬಂದರು.

"ಹಂಗ ಎಲ್ಲಾ ಕೂಡಿ ತುಂಬತಾರೇನ? ಹಾಯೂ ಟಗರು ಮರೀ ಕೂಡ ಕಟ್ಟತೀ ಏನ ನೀ?"

ಬೇವಿನ ಮರದ ನೆರಳಿಗೆ ಎಲ್ಲವನ್ನೂ ಸಾಗಿಸಲು ಹೇಳಿದರು. ಬೀಡಿ ಸೇದುತ್ತ ನೋಡಲು ಬಂದ ಮಾವನನ್ನು ಗದರಿಸಿ ಓಣಿಯ ಆ ತುದಿಗೆ ಓಡಿಸಿದರು. ಆಮೇಲೆ ಕುಳಿತರು. ಸಂಜೆ ದಡ್ಡಿಗೆ ಬರುವ ಕುರಿಗಳನ್ನು ಅವರು ಒಂದೊಂದಾಗಿ ಬೇಲಿಯ ಕಿಂಡಿಯಿಂದ ಒಳಗೆ ಬಿಡುತ್ತ, ಪ್ರತಿಯೊಂದರ ಬೆನ್ನು ಮುಟ್ಟಿ, ಜ್ವರ ಇದ್ದದ್ದನ್ನು ಬೇರೆ ಕಟ್ಟುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಹಾಗೆಯೇ ಡಬ್ಬಿಗಳೂ ಅವರ ಕೈ ದಾಟಿದವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಮುಖದಿಂದ ದೂರ ಹಿಡಿದು ಗುಂಡಿ ಒತ್ತುವುದು. ಒಳಗೆ ಏನೂ ಅಲ್ಲಾಡದೆ, ಒತ್ತಿದರೆ ಉಸಿರೂ ಬರದಿದ್ದರೆ ಅದು ಖಾಲಿ, ಚೀಲಕ್ಕೆ. ಇನ್ನೂ ಬುಸ್ ಎಂದರೆ, ಕೆಲಸಕ್ಕೆ ಬರುವಂಥದ್ದಾಗಿದ್ದರೆ, ಮುಚ್ಚಳ ಹಾಕಿ ಮನೆಯವರಿಗೇ ವಾಪಸ್ಸು. "ಮುಗಿಯೂತನಕ ಹೊಡೀರಿ. ಒಲಿಯಿಂದ ದೂರ, ನೆಳ್ಳಾಗ ಇಡ್ರಿ. ಮುಗಿದ ದಿನ ಇಲ್ಲಿ ತರ್ರಿ." ಇನ್ನು ತುಕ್ಕು ಹಿಡಿದು ಒಳಗೆ ಸರಕು ಉಳಿದವು, ಗುಂಡಿ ಮುರಿದವು. ಅವುಗಳನ್ನು ಒತ್ತಲೂ ಇಲ್ಲ, ಅಲ್ಲಾಡಿಸಲೂ ಇಲ್ಲ. ಉಸುಕು ತುಂಬಿದ ಬುಟ್ಟಿಯಲ್ಲಿ ನಿಲ್ಲಿಸಿದರು.

ಆ ಕೈ ಒಮ್ಮೆಯೂ ನಡುಗಲಿಲ್ಲ. ನಾನು ನೋಡಿದೆ, ಆದರೆ ಬಾಯಿ ಬಿಡಲಿಲ್ಲ. ಹೇಳಿದರೆ ನಡುಗೀತು ಎಂಬ ಭಯ.

ಈಗ ಅವುಗಳನ್ನು ಒಯ್ಯುವುದು ಎಲ್ಲಿಗೆ? ಮೂಡಲಗಿಯ ಗುಜರಿಯವನ ಹತ್ತಿರ ಹೋದೆ. ಅವನು ಚೀಲದ ಬಾಯಿ ಬಿಚ್ಚಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾರ, ಕೈ ಮುಗಿತೀನಿ, ಇವನ್ನ ಒಯ್ರಿ. ನಮ್ಮಲ್ಲಿ ತಗಡ ಜಜ್ಜೂ ಮಷಿನ್ ಐತಿ. ಇಂಥಾದ್ದ ಒಂದ ಒಳಗ ಹೋಗಿ ಸಿಡದ ಮ್ಯಾಲ ನಾ ಮುಟ್ಟಂಗಿಲ್ಲ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಡಿದದ್ದನ್ನು ಕಂಡವರಿಗೇ ಗೊತ್ತು ಅದರ ಸಂಕಟ. ಗೋಕಾಕದಲ್ಲಿ ಒಣಕಸ ವಿಂಗಡಿಸುವ ಶೆಡ್ಡಿದೆ, ಅಲ್ಲಿ ಕೇಳಿ ಎಂದ. ನಾನು ಮೊದಲು ಒಬ್ಬಳೇ ಹೋಗಿ ವಿಚಾರಿಸಿ ಬಂದೆ. ತರಬಹುದು, ಆದರೆ ಖಾಲಿಯದನ್ನೂ ತುಂಬಿದ್ದನ್ನೂ ಕೂಡಿಸಿ ತರಬೇಡಿ ಎಂದರು.

ಹೊರಡುವ ದಿನ ಅತ್ತೆ ತಾವೂ ಬರುತ್ತೇನೆಂದರು. ಬಿಸಿಲು ಏರುವ ಮೊದಲೇ ಮುಟ್ಟಬೇಕು ಎಂದು ನಮ್ಮವರನ್ನು ಎಬ್ಬಿಸಿ ಗಾಡಿ ತೆಗೆಸಿದರು. ನಮ್ಮದು ಹಿಂದೆ ತೆರೆದಿರುವ ಸಣ್ಣ ಗಾಡಿ, ತರಕಾರಿ ಹೇರುವಂಥದ್ದು. ಖಾಲಿ ಚೀಲಗಳು ಒಂದು ಕಡೆ, ಉಸುಕಿನ ಬುಟ್ಟಿ ಇನ್ನೊಂದು ಕಡೆ, ಮೇಲೆ ತೋಯಿಸಿ ಹಿಂಡಿದ ಗೋಣಿತಟ್ಟು. ದಾರಿಯುದ್ದಕ್ಕೂ ಅತ್ತೆ ಹಿಂದಿನ ಕಿಟಕಿಯಿಂದ ತಿರುತಿರುಗಿ ನೋಡುತ್ತಿದ್ದರು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಮಗನಿಗೆ ಬೈಗುಳ.

ಶೆಡ್ಡಿನ ಉಸ್ತುವಾರಿಯ ಹೆಣ್ಣುಮಗಳು ಕೈಗೆ ಗವಸು ಹಾಕಿಕೊಂಡು ಚೀಲ ಬಿಚ್ಚಿದಳು. ಒಂದೊಂದೇ ಡಬ್ಬಿ ತೆಗೆದು ನೋಡಿದಳು, ನಡುನಡುವೆ ಗುಂಡಿ ಒತ್ತಿ ಪರೀಕ್ಷಿಸಿದಳು. ಯಾವುದೂ ಉಸಿರೆತ್ತಲಿಲ್ಲ. ಅವೆಲ್ಲ ತಗಡಿನ ರಾಶಿಯ ಕಡೆ ಹೋದವು, ಪ್ಲಾಸ್ಟಿಕ್ ಮುಚ್ಚಳಗಳು ಬೇರೆ ಕಡೆ. ಉಸುಕಿನ ಬುಟ್ಟಿಯನ್ನು ಅವಳು ಬ್ಯಾಟರಿ, ಔಷಧ, ಕೀಟನಾಶಕದಂಥ ಅಪಾಯದ ಸಾಮಾನು ಇಡುವ ಮೂಲೆಗೆ, ನೆರಳಿಗೆ ಹಾಗೆಯೇ ಎತ್ತಿಸಿದಳು.

"ಎಲ್ಲಾರೂ ಹಿಂಗ ತಂದ್ರ ನಮಗ ಜೀವಕ್ಕ ಹಗುರ ಆಗತೈತ್ರಿ. ಇದನ್ನ ಯಾರ ಆರಿಸಿದ್ರು?" ಎಂದು ಕೇಳಿದಳು.

ಅತ್ತೆ ತಮ್ಮ ಕೈ ಎತ್ತಿ ತೋರಿಸಿದರು. ನನಗೆ ಆಗ ಆದ ಹಿಗ್ಗು, ನನ್ನ ಅಂಗಡಿ ತೆರೆದ ದಿನವೂ ಆಗಿರಲಿಲ್ಲ.

ಆದರೆ ಮನೆಗೆ ಬಂದ ಮೇಲೂ ಅವರು ಕಡ್ಡಿ ಗೀರಲಿಲ್ಲ. ಓಣಿ ಚೊಕ್ಕಟವಾಗಿತ್ತು. ನಮ್ಮ ಗೇಟಿನ ಬಳಿ ನೆರಳಿನಲ್ಲಿ ಮುಗಿದ ಡಬ್ಬಿಗಳಿಗೆಂದೇ ಒಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟಿದ್ದೆವು. "ನಾಳಿ," ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ, ಕುಬಸದ ದಿನವೇ ಬಂತು. ನಾನು ಒಳಗೊಳಗೇ ಕುದಿಯುತ್ತ, ಹೆದರುತ್ತ, ಹಸಿರು ಸೀರೆ, ಬಳೆ, ಗೋಕಾಕದ ಕರದಂಟು ಎಲ್ಲ ಕಟ್ಟಿಕೊಂಡು ನಮ್ಮವರ ಗಾಡಿಯಲ್ಲಿ ಅತ್ತೆಯೊಂದಿಗೆ ಹೊರಟೆ.

ನಾದಿನಿಯ ಅತ್ತೆ ಗಟ್ಟಿಗಿತ್ತಿ. ಮನೆಯ ಮೇಲಿನ ಖೋಲಿಗಳನ್ನು ಇಂಜಿನಿಯರಿಂಗ್ ಓದುವ ಹುಡುಗರಿಗೆ ಬಾಡಿಗೆ ಕೊಟ್ಟು, ಅವರನ್ನೂ ಮನೆಯವರನ್ನೂ ಒಂದೇ ದನಿಯಲ್ಲಿ ಆಳುವವರು. ಕುಬಸದ ಶಾಸ್ತ್ರ ಚೆನ್ನಾಗಿಯೇ ಆಯಿತು. ಊಟ ಮುಗಿದ ಮೇಲೆ ಹತ್ತು ಜನರ ನಡುವೆ ಅವರು ಮಾತು ತೆಗೆದರು.

"ಬೀಗತಿ, ಸಿಟ್ಟಾಗಬ್ಯಾಡ್ರಿ. ಹುಡಿಗಿ ಇಲ್ಲೇ ಇರಲಿ. ನಿಮಗ ಒಲಿ ಅಂದ್ರ ಅಂಜಿಕಿ ಆಗೇತಂತ ಕೇಳೇನಿ. ಬಾಣಂತನ ಅಂದ್ರ ದಿನಾ ಹಂಡೆ ಕಾಸೂ ಕೆಲಸ."

ನನ್ನ ಬಾಯಿ ಆಗಲೇ ತೆರೆದಿತ್ತು. ಅತ್ತೆ ನನ್ನ ಮೊಣಕಾಲು ಒತ್ತಿ ಹಿಡಿದರು. ನಾದಿನಿ ಹಸಿರು ಸೀರೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು, ಅವಳ ಬಳೆಗಳ ಸದ್ದು ನಿಂತಿತ್ತು. ಅತ್ತೆ ಎದ್ದರು.

"ನಿಮ್ಮ ಬಚ್ಚಲಾ ಎಲ್ಲೈತ್ರಿ?"

ಕಾಲು ತೊಳೆಯಲು ಇರಬೇಕು ಎಂದು ಎಲ್ಲರೂ ಅಂದುಕೊಂಡರು. ನಾನು ಹಿಂದೆಯೇ ಹೋದೆ, ನನ್ನ ಹಿಂದೆ ಬೀಗತಿ. ಬಚ್ಚಲ ಒಲೆಯ ಮೇಲೆ ಹಂಡೆ, ಬಾಜೂ ಉರುವಲಿನ ದೊಡ್ಡ ಬುಟ್ಟಿ. ಅತ್ತೆ ನೆಲದ ಮೇಲೆ ಕುಳಿತು ಬುಟ್ಟಿಯನ್ನು ಬೋರಲು ಹಾಕಿದರು. ಬೆಂಡು, ಚಕ್ಕೆ, ನೋಟ್ಸಿನ ಹಾಳೆಗಳು ಬಿದ್ದವು. ಅವುಗಳ ನಡುವೆ ಥಳಥಳ ಹೊಳೆಯುವ ಕರಿ, ನೀಲಿ ಡಬ್ಬಿಗಳು ಉರುಳಿದವು. ಮೇಲಿನ ಹುಡುಗರು ಮೈಗೆ ಹೊಡೆದುಕೊಳ್ಳುವ ಪರಿಮಳದ ಸ್ಪ್ರೇಗಳು, ಮುಗಿದವೆಂದು ಕಸದ ಜೊತೆ ಕೆಳಗೆ ಕಳಿಸಿದಂಥವು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಕಾಣುತ್ತದಂತೆ. ಆ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿದೆ.

ಅತ್ತೆ ಗಾದೆ ಹೇಳಲಿಲ್ಲ, ಹಂಗಿಸಲಿಲ್ಲ. ಒಂದು ಡಬ್ಬಿ ಎತ್ತಿ ಅಲ್ಲಾಡಿಸಿ, ಬಾಗಿಲ ಹೊರಗೆ ಹಿಡಿದು ಗುಂಡಿ ಒತ್ತಿದರು. ಬುಸ್ ಎಂದಿತು. ಬೀಗತಿ ಬೆಚ್ಚಿ ಹಿಂದೆ ಸರಿದರು.

"ಮುಗಿದೈತಿ ಅಂದ್ರೂ ಇದರಾಗ ಇನ್ನಾ ಉಸರ ಐತಿ ನೋಡ್ರಿ. ಇದ ನಮ್ಮ ಒಲ್ಯಾಗ ಹೋಗಿತ್ತು. ನಿಮ್ಮ ಒಲ್ಯಾಗ ಹೋಗೂದು ಇವತ್ತೋ ನಾಳ್ಯೋ ಅನ್ನೂಹಂಗಿತ್ತು."

ಎಲ್ಲ ಡಬ್ಬಿಗಳನ್ನು ನನ್ನ ಚೀಲಕ್ಕೆ ಹಾಕಿಸಿ, ದೂರ, ಅಂಗಳದ ನೆರಳಿಗೆ ಕಳಿಸಿದರು. ನಾನು ಇಟ್ಟು ಓಡಿಬಂದೆ. ಅಷ್ಟರಲ್ಲಿ ಅವರು ಉರುವಲನ್ನು ಒಂದೊಂದಾಗಿ ಕೈಯಿಂದ ದಾಟಿಸಿ ಒಲೆಗೆ ಒಟ್ಟಿದ್ದರು. ಒಲೆಯ ಬೂದಿಯಲ್ಲೂ ಕೋಲು ಆಡಿಸಿ ನೋಡಿದ್ದರು. ಕಟ್ಟೆಯ ಮೇಲಿನ ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡರು. ಬಾಗಿಲಲ್ಲಿ ನಾದಿನಿ ಬಂದು ನಿಂತಿದ್ದಳು. ಅತ್ತೆ ಮಗಳ ಮುಖವನ್ನೊಮ್ಮೆ ನೋಡಿದರು. ಕಡ್ಡಿ ಗೀರಿದರು. ಬೆಂಡು ಹತ್ತಿಕೊಂಡಿತು. ಅವರು ಎದ್ದು ಬರಲಿಲ್ಲ. ಉರಿ ಹಂಡೆಯ ತಳ ಮುಟ್ಟುವವರೆಗೆ ಅಲ್ಲೇ ಕುಳಿತು ಊದಿದರು.

"ಬೀಗತಿ, ನೀರ ಕಾದಾವು. ಜಳಕಾ ಮಾಡ್ರಿ. ನಾ ನನ್ನ ಮಗಳನ್ನ ಕರಕೊಂಡ ಹೊಕ್ಕೀನಿ," ಎಂದರು.

ಬೀಗತಿ ಒಲೆಯ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು, ಆಮೇಲೆ ದನಿ ಎತ್ತರಿಸಿ ಮೇಲಿನ ಖೋಲಿಯ ಹುಡುಗರನ್ನು ಹೆಸರು ಹಿಡಿದು ಕರೆಯತೊಡಗಿದರು. ಅವರ ಪಾಡು ಏನಾಯಿತೋ ನಾನು ನೋಡಲು ನಿಲ್ಲಲಿಲ್ಲ. ನಾದಿನಿಯ ಬಟ್ಟೆಯ ಗಂಟು ಕಟ್ಟುವುದಿತ್ತು. ಗಾಡಿ ಊರು ದಾಟುವಾಗ ನಾನು ನಕ್ಕೆ, ನಾದಿನಿ ನಕ್ಕಳು, ಇಬ್ಬರ ಕಣ್ಣಲ್ಲೂ ನೀರು. ಅತ್ತೆ ಮಾತ್ರ ಮಗನಿಗೆ ಗುಂಡಿ ನೋಡಿ ಹೊಡಿ ಎಂದು ಬೈಯುತ್ತಲೇ ಇದ್ದರು.

ಹೆರಿಗೆ ಗೋಕಾಕದ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಕೂಸು, ಅಜ್ಜಿಯಂತೆಯೇ ಅಗಲ ಹಣೆ. ಮನೆಗೆ ತಂದು, 'ಹೊಕ್ಕಳ ಬಳ್ಳಿ ಬೀಳಲಿ, ಆಮೇಲೆ ನೀರು' ಎಂದು ಡಾಕ್ಟರು ಹೇಳಿದಷ್ಟು ದಿನ ಕಾದು, ಒಂದು ಬೆಳಗ್ಗೆ ಅತ್ತೆ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋದರು. ನಾನು ಎದ್ದಾಗ ಹಂಡೆಯ ನೀರು ಕುದಿಯುತ್ತಿತ್ತು. ಕೂಸನ್ನು ನಾನೇ ತಂದು ಅವರ ಕಾಲ ಮೇಲೆ ಮಲಗಿಸಿದೆ. ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಆ ಕೈಗಳು ಎಣ್ಣೆ ತಿಕ್ಕಿದವು, ನೀರು ಹೊಯ್ದವು. ಮೊಮ್ಮಗಳು ಓಣಿಯೆಲ್ಲ ಎದ್ದು ಕೂರುವಂತೆ ಅರಚಿದಳು. ಅಷ್ಟು ಚಂದದ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಆ ಅಳು ಕೇಳಿಯೇ ಇರಬೇಕು. ಕೂಸನ್ನು ಒರೆಸಿ ಕೌದಿಯಲ್ಲಿ ಸುತ್ತುವ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಪಕ್ಕದ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಅವಳ ಹಿಂದೆ ಆಚೆ ಮನೆಯ ಸೊಸೆ, ಅವಳ ಹಿಂದೆ ಇನ್ನೊಬ್ಬಳು, ಎಲ್ಲರ ತೋಳಲ್ಲೂ ಕೌದಿಯ ಗಂಟು. ಅತ್ತೆ ಕಾಲು ಮಡಚಲೇ ಇಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಾಗಿಲ ಕಡೆ ಚಾಚಿದರು.

"ಯಾಕ ನಿಂತೀರಿ? ನೀರ ಆರಿ ಹೊಕ್ಕಾವು. ತರ್ರಿ ಕೂಸ."